ಸೂಲಗಿತ್ತಿಯ ಶಿಕ್ಷಣವೂ ‘ಕ್ಲೇಶಸಹಿಷ್ಣು’ ಎಂಬ ಪದವೂ

1

ಚರಕಸಂಹಿತೆಯ ಶಾರೀರಸ್ಥಾನದ ಎಂಟನೆಯ ಅಧ್ಯಾಯದಲ್ಲಿ ಸೂತಿಕಾಗೃಹದ ವಿಚಾರವು ಬಂದಿದೆ. ಒಂಬತ್ತನೆಯ ತಿಂಗಳು ಹುಟ್ಟುವುದಕ್ಕೆ ಮೊದಲೇ ಆ ಮನೆಯನ್ನು ಕಟ್ಟಿಸಿ, ಬೇಕಾದ ಸಾಮಗ್ರಿಗಳನ್ನೆಲ್ಲ ಅದರಲ್ಲಿ ಸಂಗ್ರಹಿಸಿಡಬೇಕೆಂದು ವಿಧಿಸಿದ ಮೇಲೆ, ಪ್ರಸವಕಾಲದಲ್ಲಿ ಗರ್ಭಿಣಿಯ ಬಳಿಯಲ್ಲಿರತಕ್ಕ ಸ್ತ್ರೀಯರ ಲಕ್ಷಣಗಳನ್ನೂ ಆಚಾರ್ಯನು ಎಣಿಸಿದ್ದಾನೆ. ಅವರು ಅನೇಕ ಬಾರಿ ಹೆತ್ತವರಾಗಿರಬೇಕು, ಸ್ನೇಹವುಳ್ಳವರಾಗಿರಬೇಕು, ಸಮಯೋಚಿತವಾದ ಬುದ್ಧಿಯೂ ಸಹಜವಾದ ವಾತ್ಸಲ್ಯವೂ ಅವರಲ್ಲಿರಬೇಕು. ಇವುಗಳ ಜೊತೆಗೆ ಅವರು ‘ಕ್ಲೇಶಸಹಿಷ್ಣು’ಗಳೂ ಆಗಿರಬೇಕು. ಸುಶ್ರುತಸಂಹಿತೆಯ ಶಾರೀರಸ್ಥಾನದ ಹತ್ತನೆಯ ಅಧ್ಯಾಯವು ಇಂಥ ಸ್ತ್ರೀಯರ ಸಂಖ್ಯೆಯನ್ನು ನಾಲ್ಕೆಂದು ಗೊತ್ತುಮಾಡಿ, ಅವರು ವಯಸ್ಸಾದವರೂ ಪ್ರಸವಕರ್ಮದಲ್ಲಿ ಕುಶಲರೂ ಉಗುರುಗಳನ್ನು ಕತ್ತರಿಸಿಕೊಂಡವರೂ ಆಗಿರಬೇಕೆನ್ನುತ್ತದೆ.

ಪಾಠಶಾಲೆಯಲ್ಲಿ ಈ ಗ್ರಂಥವನ್ನು ಓದುತ್ತಿದ್ದಾಗ, ರಾತ್ರಿಯ ಜಾಗರಣೆ, ಹೊತ್ತಿಗೆ ಸರಿಯಾಗಿ ದೊರೆಯದ ಊಟ, ಹೆರುವವಳ ಆರ್ತಸ್ವರ ಇವುಗಳನ್ನು ತಾಳಿಕೊಳ್ಳಬಲ್ಲವಳು ಎಂದು ‘ಕ್ಲೇಶಸಹಿಷ್ಣು’ ಪದಕ್ಕೆ ಅರ್ಥ ಹೇಳಿಕೊಂಡು ನಾವು ಮುಂದಿನ ಪಂಕ್ತಿಗೆ ಹೋಗುತ್ತಿದ್ದೆವು. ಆ ಕ್ಲೇಶವು ಪರಿಚಾರಿಕೆಯ ಶರೀರವನ್ನೇ ಹೊಕ್ಕರೆ ಗತಿಯೇನು, ಇನ್ನೊಬ್ಬರ ಕೂಸನ್ನು ಎತ್ತಿಕೊಳ್ಳಲು ಕಲಿಯುತ್ತಿರುವವಳೇ ಹಾಸಿಗೆ ಹಿಡಿದರೆ ಅವಳನ್ನು ನೋಡಿಕೊಳ್ಳುವವರಾರು ಎಂಬ ಪ್ರಶ್ನೆಯು ನಮಗೆ ಆಗ ತೋರಲಿಲ್ಲ. ಸೂತಿಕಾಶಾಸ್ತ್ರದ ಇತಿಹಾಸವನ್ನು ಬರೆದವರಲ್ಲಿಯೂ ಬಹುಮಂದಿ ತಾಯಂದಿರ ಮತ್ತು ಶಿಶುಗಳ ಮರಣವನ್ನು ಎಣಿಸಿದ್ದಾರೆಯೇ ಹೊರತು ಶುಶ್ರೂಷೆ ಮಾಡಿದವರ ರೋಗವನ್ನು ಪ್ರತ್ಯೇಕವಾಗಿ ವಿಚಾರಿಸಿದವರಲ್ಲ. ಈ ಸಣ್ಣ ಲೇಖನದಲ್ಲಿ ಎಲಿಜಬೆತ್ ಬ್ಲ್ಯಾಕ್‌ವೆಲ್ ಎಂಬ ಮಹಿಳೆಯ ವೃತ್ತಾಂತವನ್ನು ಮುಖ್ಯವಾಗಿ ಇಟ್ಟುಕೊಂಡು ಆ ವಿಚಾರವನ್ನು ಮಾಡಲು ಉದ್ದೇಶಿಸಿದ್ದೇನೆ.

2

ಪ್ರಸವಕರ್ಮವನ್ನು ಕಲಿಯುವುದಕ್ಕೆ ಎಲ್ಲ ದೇಶಗಳಲ್ಲಿಯೂ ಮೊದಲಿದ್ದ ಮಾರ್ಗವು ಒಂದೇ. ಅಜ್ಜಿಯ ಅಥವಾ ತಾಯಿಯ ಜೊತೆಯಲ್ಲಿ ಹೋಗಿ, ನೋಡಿ, ಕೈಕೂಡಿಸಿ ಕಲಿಯುವುದೇ ಆ ಮಾರ್ಗವು. ನಮ್ಮ ‘ಸೂಲಗಿತ್ತಿ’ ಎಂಬ ಪದದಲ್ಲಿರುವ ‘ಸೂಲು’ ಎಂಬುದಕ್ಕೆ ಪ್ರಸವವೆಂದೇ ಅರ್ಥ. ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರು ಅಜ್ಜಿಯಿಂದ ಈ ವಿದ್ಯೆಯನ್ನು ಪಡೆದು, ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆಗಳನ್ನು ಮಾಡಿಸಿದವರೆಂದು ಖ್ಯಾತರಾಗಿ, 2018ರಲ್ಲಿ ಪದ್ಮಶ್ರೀ ಪ್ರಶಸ್ತಿಯನ್ನು ಪಡೆದು, ಅದೇ ವರ್ಷದ ಕೊನೆಯಲ್ಲಿ ದಿವಂಗತರಾದರು. ಅವರು ತಾವೂ ಹನ್ನೆರಡು ಮಕ್ಕಳನ್ನು ಹೆತ್ತವರು. ಅನೇಕ ಬಾರಿ ಹೆತ್ತವಳು ಎಂಬ ಚರಕೋಕ್ತ ಲಕ್ಷಣವು ನಮ್ಮ ಕಾಲದವರೆಗೂ ಸಜೀವವಾಗಿದ್ದಿತೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನವು ಬೇಡ.

ಎರಡನೆಯ ಮಾರ್ಗವು ಪಾಠಶಾಲೆಯದು. ಇದರ ಅಭಿವೃದ್ಧಿಯಲ್ಲಿ ಫ್ರಾನ್ಸ್ ದೇಶಕ್ಕೆ ದೊಡ್ಡ ಪಾಲುಂಟು. ಅಲ್ಲಿಯ ಹದಿನೈದನೆಯ ಲೂಯಿ ರಾಜನು 1759ರಲ್ಲಿ ಮದಾಮ್ ದ್ಯು ಕೂದ್ರೆ ಎಂಬ ಸೂಲಗಿತ್ತಿಗೆ, ಪ್ರಾಂತಗಳಲ್ಲಿ ಸಂಚರಿಸಿ ಹಳ್ಳಿಯ ಹೆಂಗಸರಿಗೆ ಪಾಠ ಹೇಳುವಂತೆ ಅಧಿಕಾರಪತ್ರವನ್ನು ಕೊಟ್ಟನು. ಈಕೆಯು ಬಟ್ಟೆ, ತೊಗಲು ಮುಂತಾದವುಗಳಿಂದ ಗರ್ಭಾಶಯದ ಮತ್ತು ಶಿಶುವಿನ ಪ್ರತಿಮೆಗಳನ್ನು ಮಾಡಿಸಿ, ಅಕ್ಷರವರಿಯದವರಿಗೂ ಕೈಯಿಂದಲೇ ಅರ್ಥವಾಗುವಂತೆ ಬೋಧಿಸುತ್ತ ಸುಮಾರು ಇಪ್ಪತ್ತೈದು ವರ್ಷಗಳ ಕಾಲ ಊರೂರು ಸುತ್ತಿದಳು. ಅನಂತರ 1802ರಲ್ಲಿ ಪ್ಯಾರಿಸ್ ನಗರದ ಮಾತೆರ್ನಿತೆ ಎಂಬ ಹೆರಿಗೆಯ ಆಸ್ಪತ್ರೆಯಲ್ಲಿ ಸೂಲಗಿತ್ತಿಯರ ಪಾಠಶಾಲೆಯು ಸ್ಥಾಪಿತವಾಯಿತು. ಪ್ರಾಂತಾಧಿಕಾರಿಗಳು ಆರಿಸಿ ಕಳುಹಿಸಿದ ಹುಡುಗಿಯರು ಅಲ್ಲಿಯೇ ವಾಸವಾಗಿದ್ದು ಕಲಿಯುತ್ತಿದ್ದರು. ಅಲ್ಲಿ ಮುಖ್ಯ ಸೂಲಗಿತ್ತಿಯಾಗಿದ್ದ ಮದಾಮ್ ಲಾಶಪೆಲ್ ಎಂಬಾಕೆಯು ಸುಮಾರು ನಾಲ್ವತ್ತು ಸಾವಿರ ಹೆರಿಗೆಗಳ ಅನುಭವದಿಂದ ಪ್ರಸವಶಾಸ್ತ್ರವನ್ನು ಕುರಿತು ಒಂದು ದೊಡ್ಡ ಗ್ರಂಥವನ್ನು ರಚಿಸಿ 1821ರಲ್ಲಿ ತೀರಿಕೊಂಡಳು.

ಈ ಎರಡನೆಯ ಮಾರ್ಗದಿಂದ ಒಂದು ಮುಖ್ಯವಾದ ಭೇದವು ಉಂಟಾಯಿತು. ತಾನು ಹೆತ್ತವಳಾಗಿರಬೇಕೆಂಬ ನಿಯಮವು ಇಲ್ಲಿ ಬಿದ್ದುಹೋಯಿತು. ತನ್ನ ಶರೀರದ ಅನುಭವಕ್ಕೆ ಬದಲಾಗಿ ನೂರಾರು ಪ್ರಸವಗಳ ಪ್ರತ್ಯಕ್ಷದರ್ಶನವೇ ಪ್ರಮಾಣವಾಯಿತು. ಇದರಿಂದ ಅವಿವಾಹಿತೆಯರಿಗೂ ಈ ವಿದ್ಯೆಯ ಬಾಗಿಲು ತೆರೆಯಿತು. ಆದರೆ ನೂರಾರು ಪ್ರಸವಗಳು ಒಂದೇ ಮನೆಯಲ್ಲಿ ನಡೆಯುವಾಗ ಒಬ್ಬರ ರೋಗವು ಇನ್ನೊಬ್ಬರಿಗೆ ಹತ್ತುವ ಅವಕಾಶವೂ ಹೆಚ್ಚಾಯಿತು. ಲಾಭವೂ ಅಪಾಯವೂ ಒಂದೇ ಬಾಗಿಲಿನಿಂದ ಒಳಗೆ ಬಂದುವು.

3

ಎಲಿಜಬೆತ್ ಬ್ಲ್ಯಾಕ್‌ವೆಲ್ 1821ನೆಯ ಫೆಬ್ರವರಿ 3ರಂದು ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿ ಜನಿಸಿದಳು. 1832ರಲ್ಲಿ ಇವಳ ಕುಟುಂಬವು ಅಮೆರಿಕಕ್ಕೆ ಹೋಯಿತು. 1838ರಲ್ಲಿ ತಂದೆ ತೀರಿಕೊಂಡ ಮೇಲೆ ಅಕ್ಕತಂಗಿಯರು ಪಾಠ ಹೇಳಿ ಸಂಸಾರವನ್ನು ಸಾಗಿಸಬೇಕಾಯಿತು. ಅನೇಕ ವೈದ್ಯವಿದ್ಯಾಲಯಗಳು ಹೆಂಗಸೆಂಬ ಕಾರಣದಿಂದ ಇವಳನ್ನು ನಿರಾಕರಿಸಿದ ಮೇಲೆ, ನ್ಯೂಯಾರ್ಕ್ ಸಂಸ್ಥಾನದ ಜಿನೀವಾ ಎಂಬ ಊರಿನ ಕಾಲೇಜು 1847ರಲ್ಲಿ ಸೇರಿಸಿಕೊಂಡಿತು. ಅಲ್ಲಿಯ ಅಧ್ಯಾಪಕರು ಈ ಪ್ರಶ್ನೆಯನ್ನು ವಿದ್ಯಾರ್ಥಿಗಳ ಅಭಿಪ್ರಾಯಕ್ಕೆ ಬಿಟ್ಟಿದ್ದರು. ವಿದ್ಯಾರ್ಥಿಗಳು ಇದನ್ನೊಂದು ವಿನೋದವೆಂದೆಣಿಸಿ ಒಪ್ಪಿಗೆ ಕೊಟ್ಟುಬಿಟ್ಟರು! 1849ನೆಯ ಜನವರಿ 23ರಂದು ಇವಳಿಗೆ ವೈದ್ಯಪದವಿಯು ದೊರೆಯಿತು. ಅಮೆರಿಕದಲ್ಲಿ ಆ ಪದವಿಯನ್ನು ಪಡೆದ ಸ್ತ್ರೀಯರಲ್ಲಿ ಇವಳೇ ಮೊದಲಿಗಳು.

ಪದವಿಯು ಬಂದಿತು, ಕೈಗೆ ಅಭ್ಯಾಸವು ಬರಲಿಲ್ಲ. ಆಸ್ಪತ್ರೆಗಳಲ್ಲಿ ನಿಂತು ಕಲಿಯಲು ಅವಕಾಶವಿರಲಿಲ್ಲ. ಅದಕ್ಕಾಗಿ ಅದೇ ವರ್ಷ ಯೂರೋಪಿಗೆ ಹೊರಟು ಪ್ಯಾರಿಸನ್ನು ಸೇರಿದಳು. ಅಲ್ಲಿಯೂ ವೈದ್ಯೆಯೆಂಬ ಹೆಸರಿನಿಂದ ಪ್ರವೇಶವು ದೊರೆಯದಿರಲು, ಮಾತೆರ್ನಿತೆಯ ಪಾಠಶಾಲೆಯೊಂದೇ ಉಳಿಯಿತು. ಅಲ್ಲಿಗೆ ವೈದ್ಯೆಯಾಗಿ ಹೋಗುವಂತಿರಲಿಲ್ಲ. ಏನೂ ಅರಿಯದ ಹಳ್ಳಿಯ ಹುಡುಗಿಯರ ಜೊತೆಯಲ್ಲಿ ಸೂಲಗಿತ್ತಿಯ ಶಿಷ್ಯೆಯಾಗಿ ಸೇರಬೇಕಾಗಿದ್ದಿತು. ಇಪ್ಪತ್ತೆಂಟು ವರ್ಷ ವಯಸ್ಸಿನ ಆ ಪದವೀಧರೆಯು 1849ನೆಯ ಜೂನ್ 30ರಂದು ಆ ನಿಯಮಕ್ಕೆ ತಲೆಬಾಗಿ ಒಳಹೊಕ್ಕಳು. ವಿದ್ಯಾರ್ಥಿತ್ವಕ್ಕೆ ವಿನಯವು ಮೊದಲನೆಯ ಅಂಗವೆಂದು ನಮ್ಮಲ್ಲಿ ಹೇಳುವುದುಂಟು. ಪದವಿಯನ್ನು ಪೆಟ್ಟಿಗೆಯಲ್ಲಿಟ್ಟು ಮತ್ತೆ ಮೊದಲಿನಿಂದ ಕಲಿಯಲು ಕುಳಿತವಳ ವಿನಯವು ಸಾಮಾನ್ಯವಾದುದಲ್ಲ.

ಆ ಕಟ್ಟಡವು ಹಿಂದೆ ಪೋರ್ ರೋಯಾಲ್ ಎಂಬ ಸಂನ್ಯಾಸಿನಿಯರ ಮಠವಾಗಿದ್ದಿತು; ಫ್ರೆಂಚ್ ಮಹಾಕ್ರಾಂತಿಯ ಕಾಲದಲ್ಲಿ ಸೆರೆಮನೆಯಾಯಿತು; ಆಮೇಲೆ ಹೆರಿಗೆಯ ಮನೆಯಾಯಿತು. ಅಲ್ಲಿಯ ಶಿಷ್ಯೆಯರ ಜೀವನದಲ್ಲಿ ಈ ಮೂರರ ಗುರುತುಗಳೂ ಉಳಿದಿದ್ದುವೆನ್ನಬಹುದು. ಎತ್ತರವಾದ ಗೋಡೆಗಳೊಳಗೆ ವಾಸ, ಸಾಲುಮಂಚಗಳ ಶಯನಶಾಲೆ, ಹೊರಗೆ ಹೋಗಲು ಕಟ್ಟುನಿಟ್ಟಾದ ನಿರ್ಬಂಧ, ಬೆಳಗಿನಿಂದ ಪಾಠ, ಸರದಿಯ ಮೇಲೆ ಪ್ರಸವಶಾಲೆಯಲ್ಲಿ ಹಗಲುರಾತ್ರಿ ಸೇವೆ ಇವೇ ಅಲ್ಲಿಯ ದಿನಚರಿ. ಏಕಾಂತವೆಂಬುದು ದುರ್ಲಭ, ನಿದ್ರೆಯೂ ಪೂರ್ಣವಾಗಿ ಸಿಕ್ಕುತ್ತಿರಲಿಲ್ಲ. ಆದರೂ ಅಲ್ಲಿ ಕಣ್ಣಿಗೆ ಬೀಳುತ್ತಿದ್ದಷ್ಟು ಪ್ರಸವಗಳನ್ನು ಬೇರೆಲ್ಲಿಯೂ ಅಷ್ಟು ಅಲ್ಪಕಾಲದಲ್ಲಿ ನೋಡುವುದು ಶಕ್ಯವಿಲ್ಲವೆಂದು ತಿಳಿದು, ಮೊದಲು ಗೊತ್ತುಮಾಡಿಕೊಂಡಿದ್ದ ಮೂರು ತಿಂಗಳು ಕಳೆದರೂ ಅವಳು ಅಲ್ಲಿಯೇ ನಿಂತಳು. ಆಸ್ಪತ್ರೆಯ ಪ್ರಮುಖ ವೈದ್ಯನಾದ ಪೋಲ್ ದ್ಯುಬ್ವಾ ಎಂಬವನು, ಒಂದು ವರ್ಷ ಪೂರ್ತಿಯಾಗಿ ಇದ್ದರೆ ಸುವರ್ಣಪದಕವನ್ನು ಗಳಿಸಬಹುದೆಂದೂ, ಗಂಡಸರಲ್ಲಾಗಲಿ ಹೆಂಗಸರಲ್ಲಾಗಲಿ ಇವಳಿಗೆ ಸಮಾನರಾದ ಪ್ರಸವವೈದ್ಯರು ಅಮೆರಿಕದಲ್ಲಿ ಇರಲಾರರೆಂದೂ ಅವಳಿಗೆ ಹೇಳಿದನು. ಶಸ್ತ್ರವೈದ್ಯೆಯಾಗಬೇಕೆಂಬುದು ಅವಳ ಮುಖ್ಯ ಸಂಕಲ್ಪವಾಗಿದ್ದಿತು.

4

1849ನೆಯ ನವೆಂಬರ್ 4ರಂದು, ಇನ್ನೂ ಕತ್ತಲೆಯಿದ್ದ ಮುಂಜಾನೆಯಲ್ಲಿ, ಒಂದು ಕೂಸಿನ ಕಣ್ಣನ್ನು ಪಿಚಕಾರಿಯಿಂದ ತೊಳೆಯುವ ಕೆಲಸವು ಅವಳ ಪಾಲಿಗೆ ಬಂದಿದ್ದಿತು. ಆ ಕೂಸಿಗೆ ಕೀವುಗಣ್ಣಿನ ರೋಗವಿದ್ದಿತು. ತಾಯಿಗೆ ಇರುವ ಗೊನೋರಿಯಾ ಮುಂತಾದ ಸೋಂಕು ಪ್ರಸವಮಾರ್ಗದಲ್ಲಿ ಶಿಶುವಿನ ಕಣ್ಣಿಗೆ ಹತ್ತುವುದರಿಂದ ಈ ರೋಗವು ಬರುವುದೆಂದು ಈಗ ಎಲ್ಲರೂ ಬಲ್ಲರು. ಆಗ ಅದರ ಬೀಜವು ಯಾರಿಗೂ ತಿಳಿದಿರಲಿಲ್ಲ. ತೊಳೆಯುತ್ತಿದ್ದ ನೀರಿನ ಹನಿಯೊಂದು ಅವಳ ಕಣ್ಣಿಗೆ ಸಿಡಿಯಿತು. ಸಾಯಂಕಾಲದ ಹೊತ್ತಿಗೆ ಕಣ್ಣು ಊದಿಕೊಂಡಿತು. ಮರುದಿನ ರೆಪ್ಪೆಗಳು ಅಂಟಿಕೊಂಡಿದ್ದುವು.

ಅವಳನ್ನು ಶಿಷ್ಯೆಯರ ರೋಗಶಾಲೆಯಲ್ಲಿ ಮಲಗಿಸಿದರು. ಹಿಪೊಲಿತ್ ಬ್ಲೋ ಎಂಬ ತರುಣವೈದ್ಯನು ಹಗಲುರಾತ್ರಿಯೆನ್ನದೆ ಮತ್ತೆ ಮತ್ತೆ ಬಂದು ನೋಡಿದನು. ರೆಪ್ಪೆಗಳ ಒಳಭಾಗವನ್ನು ಕ್ಷಾರದಿಂದ ಸುಡುವುದು, ಕಣತಲೆಗೆ ಜಿಗಣೆಗಳನ್ನು ಹಿಡಿಸುವುದು, ಬೆಲಡೊನ್ನದ ಲೇಪ, ಅಫೀಮು, ಗಂಟೆಗೊಮ್ಮೆ ಕಣ್ಣು ತೊಳೆಯುವುದು, ಗಂಜಿಯಂಥ ಲಘುವಾದ ಆಹಾರ ಇವೇ ಆ ಕಾಲಕ್ಕೆ ತಿಳಿದಿದ್ದ ಚಿಕಿತ್ಸೆಗಳು. ಸುಶ್ರುತನ ನೇತ್ರರೋಗಾಧ್ಯಾಯಗಳನ್ನು ಓದಿದವರಿಗೆ ಸೇಚನ, ರಕ್ತಮೋಕ್ಷ, ಲೇಪ ಇವುಗಳ ಪರಿಚಯವುಂಟು. ಪ್ಯಾರಿಸಿನ ಚಿಕಿತ್ಸೆಯು ಅವುಗಳಿಂದ ಬಹುದೂರ ಹೋಗಿರಲಿಲ್ಲವೆಂಬುದು ಗಮನಿಸತಕ್ಕ ವಿಷಯವಾಗಿದೆ. ಮೂರು ವಾರಗಳವರೆಗೆ ಎರಡು ಕಣ್ಣುಗಳೂ ಮುಚ್ಚಿದ್ದುವು. ಅನಂತರ ಬಲಗಣ್ಣು ಮೆಲ್ಲಮೆಲ್ಲನೆ ತೆರೆಯಿತು. ಎಡಗಣ್ಣಿನ ದೃಷ್ಟಿಯು ಹೋಯಿತು. ನವೆಂಬರ್ 26ರಂದು ಮುಸುಕು ಹಾಕಿಕೊಂಡು ಅವಳು ಆ ಮನೆಯಿಂದ ಹೊರಬಿದ್ದಳು.

ಇಷ್ಟಕ್ಕೆ ಕಷ್ಟವು ಮುಗಿಯಲಿಲ್ಲ. ಮುಂದಿನ ಬೇಸಗೆಯಲ್ಲಿ ಗ್ರೇಫನ್‌ಬರ್ಗ್ ಎಂಬ ಗಿರಿಗ್ರಾಮದಲ್ಲಿ ಪ್ರೀಸ್‌ನಿಟ್ಸನ ಜಲಚಿಕಿತ್ಸೆಯನ್ನು ಮಾಡಿಸಿಕೊಳ್ಳಲು ಹೋದಾಗ ಕೆಟ್ಟ ಕಣ್ಣು ಮತ್ತೆ ಉರಿಯೂತದಿಂದ ಕೆರಳಿತು. ಉಳಿದ ಕಣ್ಣನ್ನು ಕಾಪಾಡುವುದಕ್ಕಾಗಿ 1850ನೆಯ ಆಗಸ್ಟ್ ತಿಂಗಳಲ್ಲಿ ಪ್ಯಾರಿಸಿನ ನೇತ್ರವೈದ್ಯನಾದ ದೆಮಾರನು ಎಡಗಣ್ಣನ್ನು ತೆಗೆದುಹಾಕಿದನು. ಅದರ ಸ್ಥಾನದಲ್ಲಿ ಗಾಜಿನ ಕಣ್ಣು ಬಂದಿತು. ಶಸ್ತ್ರವೈದ್ಯೆಯಾಗುವ ಆಶೆಯೂ ಅಲ್ಲಿಗೆ ಮುಗಿಯಿತು.

ಅದೇ ವರ್ಷದ ಅಕ್ಟೋಬರಿನಲ್ಲಿ ಅವಳು ಲಂಡನ್ನಿನ ಸೇಂಟ್ ಬಾರ್ಥಲೊಮ್ಯೂ ಆಸ್ಪತ್ರೆಯಲ್ಲಿ ಜೇಮ್ಸ್ ಪ್ಯಾಜೆಟ್ ಎಂಬ ಆಚಾರ್ಯನ ಬಳಿಯಲ್ಲಿ ವ್ಯಾಸಂಗವನ್ನು ಮುಂದುವರಿಸಿದಳು. ಅಲ್ಲಿ ಎಲ್ಲ ವಿಭಾಗಗಳೂ ಅವಳಿಗೆ ತೆರೆದಿದ್ದುವು. ಸ್ತ್ರೀರೋಗಗಳ ವಿಭಾಗವೊಂದು ಮಾತ್ರ ಮುಚ್ಚಿದ್ದಿತು! ಯಾವ ವಿದ್ಯೆಗಾಗಿ ಒಂದು ಕಣ್ಣನ್ನು ತೆತ್ತಿದ್ದಳೋ ಆ ವಿದ್ಯೆಯ ಶಾಲೆಯೇ ಅವಳಿಗೆ ನಿಷಿದ್ಧವಾಯಿತು.

5

ಇಲ್ಲಿ ಒಂದು ಪೂರ್ವಪಕ್ಷವು ಉಂಟು. ಕಣ್ಣು ಹೋದುದರಿಂದಲೇ ಆಕೆಯು ಶಸ್ತ್ರವನ್ನು ಬಿಟ್ಟು ಆರೋಗ್ಯರಕ್ಷಣೆಯ ಮಾರ್ಗವನ್ನು ಹಿಡಿದಳು, ಆದುದರಿಂದ ಆ ಆಪತ್ತು ಲೋಕಕ್ಕೆ ಸಂಪತ್ತಾಯಿತು ಎಂಬುದೇ ಅದು. ಇದಕ್ಕೆ ಆಧಾರವಾಗಿ ಅವಳ ಮುಂದಿನ ಕಾರ್ಯಗಳನ್ನು ತೋರಿಸಬಹುದು. 1852ರಲ್ಲಿ ಬಾಲಿಕೆಯರ ಶರೀರಶಿಕ್ಷಣವನ್ನು ಕುರಿತ ಉಪನ್ಯಾಸಗಳನ್ನು ಅವಳು ಪ್ರಕಟಿಸಿದಳು. 1857ನೆಯ ಮೇ 12ರಂದು ನ್ಯೂಯಾರ್ಕಿನಲ್ಲಿ ಬಡ ಹೆಂಗಸರಿಗೂ ಮಕ್ಕಳಿಗೂ ಆಸ್ಪತ್ರೆಯನ್ನು ತೆರೆದಳು. 1868ರಲ್ಲಿ ಅದಕ್ಕೆ ಸೇರಿದಂತೆ ಸ್ತ್ರೀಯರ ವೈದ್ಯವಿದ್ಯಾಲಯವನ್ನು ಸ್ಥಾಪಿಸಿ, ಆರೋಗ್ಯಶಾಸ್ತ್ರದ ಪೀಠವನ್ನು ತಾನೇ ವಹಿಸಿಕೊಂಡಳು. ಇಂಗ್ಲೆಂಡಿಗೆ ಹಿಂದಿರುಗಿದ ಮೇಲೆ 1871ರಲ್ಲಿ ರಾಷ್ಟ್ರೀಯ ಆರೋಗ್ಯಸಂಘದ ಸ್ಥಾಪನೆಯಲ್ಲಿಯೂ ಸೇರಿದಳು.

ಆದರೆ ಈ ಪೂರ್ವಪಕ್ಷವು ಕಾಲಕ್ರಮವನ್ನು ಪರಿಶೀಲಿಸಿದರೆ ನಿಲ್ಲಲಾರದು. 1848ರ ಬೇಸಗೆಯಲ್ಲಿ ಫಿಲಡೆಲ್ಫಿಯದ ಅನಾಥಾಲಯದ ಆಸ್ಪತ್ರೆಯಲ್ಲಿ, ಹಡಗುಗಳಿಂದ ಇಳಿದ ಐರಿಷ್ ಬಡವರು ಟೈಫಸ್ ಜ್ವರದಿಂದ ನರಳುವುದನ್ನು ಅವಳು ಕಂಡಿದ್ದಳು. ಪದವಿಗಾಗಿ ಬರೆದ ಪ್ರಬಂಧಕ್ಕೆ ಆ ಜ್ವರವನ್ನೇ ವಿಷಯವಾಗಿ ಆರಿಸಿಕೊಂಡು, ಶುಚಿತ್ವವೂ ಒಳ್ಳೆಯ ಗಾಳಿಯೂ ಎಷ್ಟು ಅವಶ್ಯವೆಂಬುದನ್ನು ಅದರಲ್ಲಿ ವಿಚಾರಿಸಿದಳು. ಆ ಪ್ರಬಂಧವು ಕಣ್ಣಿನ ಅಪಘಾತಕ್ಕಿಂತ ಮೊದಲಿನದು. ಆದುದರಿಂದ ರೋಗವು ಅವಳಿಗೆ ಹೊಸ ಮಾರ್ಗವನ್ನು ತೋರಿಸಿತೆಂಬುದಕ್ಕಿಂತ, ಇದ್ದ ಎರಡು ಮಾರ್ಗಗಳಲ್ಲಿ ಒಂದನ್ನು ಮುಚ್ಚಿತೆಂದು ಹೇಳುವುದೇ ಯುಕ್ತವು. ನಷ್ಟವನ್ನು ನಷ್ಟವೆಂದೇ ಕರೆಯಬೇಕು. ಒಬ್ಬರ ಧೈರ್ಯವನ್ನು ಹೊಗಳುವ ಭರದಲ್ಲಿ ಅವರ ವ್ಯಾಧಿಯನ್ನು ಹೊಗಳುವುದು ವಿವೇಕವಲ್ಲ.

ನ್ಯೂಯಾರ್ಕಿನ ಆಸ್ಪತ್ರೆಯಲ್ಲಿ ಅವಳ ಸಹಾಯಕ್ಕೆ ತಂಗಿ ಎಮಿಲಿಯಲ್ಲದೆ ಮರೀ ಝಕ್ಷೆವ್‌ಸ್ಕಾ ಎಂಬ ಇನ್ನೊಬ್ಬ ಮಹಿಳೆಯೂ ಇದ್ದಳು. ಇವಳು ಬರ್ಲಿನ್ನಿನ ಶಾರಿತೆ ಆಸ್ಪತ್ರೆಯಲ್ಲಿ ಸೂಲಗಿತ್ತಿಯ ವಿದ್ಯೆಯನ್ನು ಕಲಿತು, 1852ರಲ್ಲಿ ಅಲ್ಲಿಯೇ ಮುಖ್ಯ ಸೂಲಗಿತ್ತಿಯಾಗಿದ್ದವಳು. ಇವಳ ತಾಯಿಯೂ ಸೂಲಗಿತ್ತಿಯೇ. ತಾಯಿಯು ಶಿಕ್ಷಣವನ್ನು ಪಡೆಯುತ್ತಿದ್ದ ಕಾಲದಲ್ಲಿ ಈ ಹುಡುಗಿಯು ಕಣ್ಣಿನ ಬೇನೆಯಿಂದ ಕಟ್ಟು ಹಾಕಿಸಿಕೊಂಡು ಆಸ್ಪತ್ರೆಯಲ್ಲಿಯೇ ಇದ್ದು, ವೈದ್ಯನ ಕೈಹಿಡಿದು ರೋಗಿಗಳ ಬಳಿಯಲ್ಲಿ ಸುತ್ತುತ್ತಿದ್ದಳು. ತಾತ್ಕಾಲಿಕವಾಗಿ ಕಾಣದೆ ಹೋದ ಕಣ್ಣುಗಳು ಅವಳಿಗೆ ಮರಳಿ ಬಂದುವು. ಕತ್ತಲೆಯಲ್ಲಿ ಕೆಲವು ದಿನಗಳನ್ನು ಕಳೆದ ಇಬ್ಬರು ಸೂಲಗಿತ್ತಿಶಿಷ್ಯೆಯರು ಒಂದೇ ಆಸ್ಪತ್ರೆಯನ್ನು ನಿಲ್ಲಿಸಿದರೆಂಬುದು ಇತಿಹಾಸದಲ್ಲಿ ಸ್ಮರಣೀಯವಾದುದು.

6

ಈಗ ಮೂಲಪ್ರಶ್ನೆಗೆ ಬರೋಣ. ಶುಶ್ರೂಷೆ ಮಾಡುವವರ ರೋಗವು ಅವರ ಸ್ವಂತ ದುರದೃಷ್ಟವೇ, ಅಥವಾ ಶಾಸ್ತ್ರವು ವಿಚಾರಿಸಬೇಕಾದ ಪ್ರಮಾಣವೇ? ಮೂರು ಸಂಗತಿಗಳು ಎರಡನೆಯದನ್ನೇ ಸಮರ್ಥಿಸುತ್ತವೆ.

ಮೊದಲನೆಯದು ವಿಯೆನ್ನಾ ನಗರದ್ದು. ಅಲ್ಲಿಯ ದೊಡ್ಡ ಆಸ್ಪತ್ರೆಯಲ್ಲಿ ಎರಡು ಪ್ರಸವಶಾಲೆಗಳಿದ್ದುವು. ಒಂದರಲ್ಲಿ ವೈದ್ಯವಿದ್ಯಾರ್ಥಿಗಳೂ, ಇನ್ನೊಂದರಲ್ಲಿ ಸೂಲಗಿತ್ತಿಯರ ಶಿಷ್ಯೆಯರೂ ಕಲಿಯುತ್ತಿದ್ದರು. ಮೊದಲನೆಯದರಲ್ಲಿ ಬಾಣಂತಿಜ್ವರದ ಸಾವುಗಳು ಎರಡನೆಯದಕ್ಕಿಂತ ಬಹಳ ಹೆಚ್ಚಾಗಿದ್ದುವು, ಕಾರಣವು ತಿಳಿಯದಾಗಿದ್ದಿತು. 1847ರಲ್ಲಿ ಕೊಲೆಚ್ಕಾ ಎಂಬ ಪ್ರಾಧ್ಯಾಪಕನಿಗೆ ಶವಪರೀಕ್ಷೆಯ ಸಮಯದಲ್ಲಿ ಶಿಷ್ಯನ ಕತ್ತಿಯು ತಗುಲಿ, ಆ ಗಾಯದಿಂದ ಅವನು ಸತ್ತನು. ಅವನ ಶರೀರದಲ್ಲಿ ಬಾಣಂತಿಜ್ವರದಿಂದ ಸತ್ತವರಲ್ಲಿ ಕಾಣುವ ವಿಕಾರಗಳೇ ಕಂಡುವು. ಇದರಿಂದ ಸೆಮ್ಮೆಲ್‌ವೈಸ್ ಎಂಬ ವೈದ್ಯನು, ಶವಶಾಲೆಯಿಂದ ಬಂದವರ ಕೈಗಳೇ ರೋಗವನ್ನು ಒಯ್ಯುತ್ತವೆಂದು ಊಹಿಸಿ, ಕ್ಲೋರಿನ್ ಸುಣ್ಣದ ನೀರಿನಿಂದ ಕೈತೊಳೆಯುವ ನಿಯಮವನ್ನು ಮಾಡಿದನು. ಆ ವರ್ಷದ ಏಪ್ರಿಲ್‌ನಲ್ಲಿ ನೂರಕ್ಕೆ ಹದಿನೆಂಟರಷ್ಟಿದ್ದ ಮರಣವು ಜೂನ್‌ನಲ್ಲಿ ಎರಡಕ್ಕೆ ಇಳಿಯಿತು. ಉಗುರು ಕತ್ತರಿಸಿಕೊಂಡವರೇ ಹೆರಿಗೆಗೆ ಬರಲೆಂದ ಸುಶ್ರುತನ ಮಾತು ಕೈಯ ಶುಚಿತ್ವದ ಕಡೆಗೆ ಒಂದು ಹೆಜ್ಜೆಯಾಗಿದ್ದಿತು. ಆದರೆ ಕಾಣದ ಮಲಿನವನ್ನು ಪ್ರಮಾಣಸಹಿತವಾಗಿ ತೋರಿಸಿಕೊಟ್ಟುದು ಒಬ್ಬ ಶುಶ್ರೂಷಕನಲ್ಲದ ಅಧ್ಯಾಪಕನ ಗಾಯವೇ.

ಎರಡನೆಯದು ಬ್ಲ್ಯಾಕ್‌ವೆಲ್ಲಳ ಕಣ್ಣು. ಕೂಸಿನ ಕೀವು ವಯಸ್ಕಳ ಕಣ್ಣನ್ನು ಒಂದೇ ದಿನದಲ್ಲಿ ಕೆಡಿಸಿತೆಂಬುದು ಈ ರೋಗವು ಅಂಟುವುದೆಂಬುದಕ್ಕೆ ಪ್ರತ್ಯಕ್ಷಪ್ರಮಾಣವಾಗಿದ್ದಿತು. ಆದರೂ ಮೂವತ್ತು ವರ್ಷಗಳ ಮೇಲೆ, 1879ರಲ್ಲಿ ನೈಸರ್ ಎಂಬ ವಿದ್ವಾಂಸನು ಗೊನೋರಿಯಾ ರೋಗದ ಅಣುಜೀವಿಯನ್ನು ಕಂಡುಹಿಡಿದನು. 1880ರ ಸುಮಾರಿಗೆ ಲೈಪ್‌ಸಿಗ್‌ನಲ್ಲಿ ಕ್ರೇಡೆ ಎಂಬ ಪ್ರಸವವೈದ್ಯನು ಹುಟ್ಟಿದ ಕೂಸಿನ ಕಣ್ಣಿಗೆ ನೂರಕ್ಕೆ ಎರಡರಷ್ಟು ಬೆಳ್ಳಿಯ ನೈಟ್ರೇಟಿನ ದ್ರವವನ್ನು ಹನಿಸುವ ಪದ್ಧತಿಯನ್ನು ತಂದನು. ನೂರಕ್ಕೆ ಹತ್ತರಷ್ಟು ಕೂಸುಗಳಿಗೆ ಬರುತ್ತಿದ್ದ ಆ ರೋಗವು ಅವನ ಆಸ್ಪತ್ರೆಯಲ್ಲಿ ನೂರಕ್ಕೆ ಒಂದಕ್ಕಿಂತಲೂ ಕಡಮೆಯಾಯಿತು. ಆ ಹನಿಯು ಕೂಸನ್ನು ಕಾಪಾಡಿದುದಲ್ಲದೆ, ಕೂಸನ್ನು ಎತ್ತಿಕೊಳ್ಳುವ ಸೂಲಗಿತ್ತಿಯ ಕಣ್ಣನ್ನೂ ಕಾಪಾಡಿತು.

ಮೂರನೆಯದು ಅಮೆರಿಕದ ಬಾಲ್ಟಿಮೋರ್ ನಗರದ್ದು. ಅಲ್ಲಿಯ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಯ ಶಸ್ತ್ರಶಾಲೆಯಲ್ಲಿದ್ದ ಕೆರೊಲಿನ್ ಹ್ಯಾಂಪ್ಟನ್ ಎಂಬ ದಾದಿಯ ಕೈಗಳು ಶುದ್ಧೀಕರಣದ ಔಷಧಗಳಿಂದ ಬಿರಿದು ಹುಣ್ಣಾದುವು. ಆ ಕೈಗಳ ರಕ್ಷಣೆಗಾಗಿ 1889-90ರ ಚಳಿಗಾಲದಲ್ಲಿ ಹಾಲ್‌ಸ್ಟೆಡ್ ಎಂಬ ಶಸ್ತ್ರವೈದ್ಯನು ತೆಳುವಾದ ರಬ್ಬರಿನ ಕೈಚೀಲಗಳನ್ನು ಮಾಡಿಸಿದನು. ಆ ಕೈಚೀಲಗಳು ರೋಗಿಗಳನ್ನೂ ಸೋಂಕಿನಿಂದ ಕಾಪಾಡುವುವೆಂಬುದು ಆಮೇಲೆ ತಿಳಿಯಿತು. ಇಂದು ಯಾವ ಹೆರಿಗೆಯ ಮನೆಯಲ್ಲಿಯೂ ಅವಿಲ್ಲದೆ ಕೆಲಸವು ನಡೆಯದು. ಒಬ್ಬ ದಾದಿಯ ಹುಣ್ಣಾದ ಕೈಗೆ ಮಾಡಿದ ಉಪಚಾರವು ಲೋಕದ ರೋಗಿಗಳಿಗೆಲ್ಲ ಉಪಚಾರವಾಯಿತು.

7

ನಮ್ಮ ದೇಶದ ಒಂದು ಉದಾಹರಣೆಯನ್ನು ಹೇಳದೆ ಈ ವಿಚಾರವನ್ನು ಮುಗಿಸಲಾಗದು. 1865ರಲ್ಲಿ ಜನಿಸಿದ ಆನಂದೀಬಾಯಿ ಜೋಶಿಯವರು ಒಂಬತ್ತನೆಯ ವಯಸ್ಸಿನಲ್ಲಿ ವಿವಾಹಿತೆಯಾಗಿ, ಹದಿನಾಲ್ಕನೆಯ ವಯಸ್ಸಿನಲ್ಲಿ ಹೆತ್ತ ಗಂಡುಮಗುವನ್ನು ಹತ್ತು ದಿನಗಳಲ್ಲಿಯೇ ಕಳೆದುಕೊಂಡರು. ಆ ದುಃಖವೇ ಅವರನ್ನು ವೈದ್ಯವಿದ್ಯೆಗೆ ತಿರುಗಿಸಿತು. ತಲೆನೋವು, ಜ್ವರ, ಉಸಿರಾಟದ ತೊಂದರೆ ಇವುಗಳಿಂದ ಮೊದಲೇ ದುರ್ಬಲರಾಗಿದ್ದ ಅವರು 1883ರಲ್ಲಿ ಕಲ್ಕತ್ತೆಯಿಂದ ಹಡಗು ಹತ್ತಿ ಅಮೆರಿಕಕ್ಕೆ ಹೋಗಿ, ಪೆನ್ಸಿಲ್ವೇನಿಯದ ಮಹಿಳಾ ವೈದ್ಯಕಾಲೇಜನ್ನು ಸೇರಿದರು. ಅಲ್ಲಿಯ ಚಳಿಯಲ್ಲಿ ದೇಹಸ್ಥಿತಿಯು ಇನ್ನೂ ಕೆಟ್ಟಿತು. ಆದರೂ ಆರ್ಯ ಹಿಂದೂಗಳ ಪ್ರಸೂತಿಶಾಸ್ತ್ರವನ್ನೇ ವಿಷಯವಾಗಿಟ್ಟುಕೊಂಡು ಪ್ರಬಂಧವನ್ನು ಬರೆದು, 1886ರ ಮಾರ್ಚ್ ತಿಂಗಳಲ್ಲಿ ಪದವಿಯನ್ನು ಪಡೆದರು. ನಮ್ಮ ಪ್ರಾಚೀನಗ್ರಂಥಗಳ ಸೂತಿಕಾಪ್ರಕರಣವನ್ನು ಸಾಗರದಾಚೆಯ ವಿದ್ಯಾಶಾಲೆಗೆ ಒಯ್ದವರು ಈ ಇಪ್ಪತ್ತರ ಹೆಣ್ಣುಮಗಳು. ನಮ್ಮ ನಾಡಿಗೆ ನೆರೆಯಾದ ಕೊಲ್ಲಾಪುರದ ಆಸ್ಪತ್ರೆಯಲ್ಲಿ ಸ್ತ್ರೀವಿಭಾಗದ ವೈದ್ಯೆಯಾಗಿ ಅವರು ನಿಯಮಿತರಾಗಿದ್ದರು. ಆದರೆ ಕ್ಷಯರೋಗವು 1887ನೆಯ ಫೆಬ್ರವರಿ 26ರಂದು ಅವರನ್ನು ಒಯ್ದಿತು.

ಬ್ಲ್ಯಾಕ್‌ವೆಲ್ಲಳು ಒಂದು ಕಣ್ಣಿನಿಂದ ಅರುವತ್ತು ವರ್ಷ ಬಾಳಿ, 1910ನೆಯ ಮೇ 31ರಂದು ತೀರಿಕೊಂಡಳು. ಆನಂದೀಬಾಯಿಯವರು ಒಬ್ಬ ರೋಗಿಣಿಯನ್ನೂ ತಮ್ಮ ನಾಡಿನ ಆಸ್ಪತ್ರೆಯಲ್ಲಿ ನೋಡಲಿಲ್ಲ. ಸಹಿಷ್ಣುತೆಯಲ್ಲಿ ಇಬ್ಬರಲ್ಲಿ ಯಾರು ಕಡಮೆ? ಇಬ್ಬರಲ್ಲಿಯೂ ಅದು ಸಮಾನವಾಗಿದ್ದಿತು. ಫಲವು ಮಾತ್ರ ಸಮಾನವಾಗಲಿಲ್ಲ. ಆದುದರಿಂದ ಸಹಿಷ್ಣುತೆಯೊಂದನ್ನೇ ನಂಬಿ ಕುಳಿತ ಶಿಕ್ಷಣಕ್ರಮವು ಪೂರ್ಣವಲ್ಲವೆಂಬುದು ಸಿದ್ಧವಾಗುತ್ತದೆ.

ಚರಕಾಚಾರ್ಯನು ಕ್ಲೇಶಸಹಿಷ್ಣುತೆಯನ್ನು ಪರಿಚಾರಿಕೆಯ ಗುಣಗಳಲ್ಲಿ ಎಣಿಸಿದುದು ಯುಕ್ತವೇ ಸರಿ. ಆ ಗುಣವಿಲ್ಲದವಳಿಗೆ ಸೂತಿಕಾಗೃಹದ ಕೆಲಸವು ಸಾಗದು. ಆದರೆ ಅದನ್ನು ಪರಿಚಾರಿಕೆಯಲ್ಲಿ ಹುಡುಕುವವರು ಅವಳಿಗೆ ಒದಗುವ ಕ್ಲೇಶವನ್ನು ಕಡಮೆ ಮಾಡುವ ಹೊಣೆಯನ್ನೂ ಹೊತ್ತುಕೊಳ್ಳಬೇಕು. ಸೂತಿಕಾಗೃಹವನ್ನು ಒಂಬತ್ತನೆಯ ತಿಂಗಳಿಗೆ ಮೊದಲೇ ಸಿದ್ಧಪಡಿಸಬೇಕೆಂದು ಶಾಸ್ತ್ರವು ವಿಧಿಸಿದೆ. ಅಲ್ಲಿ ಸೇವೆಮಾಡಲು ಕಲಿಯುತ್ತಿರುವ ಹೆಣ್ಣುಮಗಳಿಗೆ ಕೈಚೀಲ, ನಿದ್ರೆ, ಬೇನೆ ಬಂದಾಗ ಮಲಗಲು ಒಂದು ಮಂಚ, ಗುಣವಾದ ಮೇಲೆ ಮತ್ತೆ ಬಂದು ಕಲಿಯಲು ಅವಕಾಶ ಇವನ್ನೂ ಆ ಸಾಮಗ್ರಿಗಳ ಪಟ್ಟಿಯಲ್ಲಿ ಸೇರಿಸಿಕೊಳ್ಳುವುದು ಆಚಾರ್ಯನ ಆಶಯಕ್ಕೆ ವಿರುದ್ಧವಾಗಲಾರದೆಂದು ನನ್ನ ಬುದ್ಧಿಗೆ ತೋರುತ್ತದೆ. ಈ ವಿಷಯದಲ್ಲಿ ತಜ್ಞರು ಇನ್ನೂ ವಿಚಾರಿಸುವರೆಂದು ನಂಬಿ ಇಲ್ಲಿಗೆ ವಿರಮಿಸುತ್ತೇನೆ.